ಅಲುಗದ ಅಂಕಿ

ಕಳೆದ ಭಾನುವಾರ ಅಮೆರಿಕದ ರೆಡ್ಮಂಡಿನ ಎಜುಕೇಶನ್ ಹಿಲ್‌ನ ಗೆಳತಿ ಶುಭಾ ಮನೆಯಲ್ಲಿ ಊಟ. ಯಾರೋ ಮಜ್ಜಿಗೆಗೆ ಕಪ್ಪು ಉಪ್ಪು ಉದುರಿಸಿ ಲೋಟವನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹಾಗೇ ಮೇಜಿನ ಮೇಲಿಟ್ಟು ಹಿತ್ತಲ ಬಾಗಿಲು ತೆಗೆದು ಹೊರಗೆ ಹೋಗಿ ನಿಂತೆ. ಒಳಗೆ ಮನೆ ತುಂಬ ಜನ, ಮಕ್ಕಳ ಈಜಿನ ಕ್ಲಾಸು, ಮನೆಗಳ ಬೆಲೆ, ಯಾರ ಟೀಮನ್ನು ಯಾರು ಬಿಟ್ಟರು ಎಂಬ ಮಾತು. ಶುಭಾ ಹಿಂದೆಯೇ ಬಂದಳು.

"ಏನಾಯ್ತೇ ಸುಮಾ?"

"ಏನಿಲ್ಲ. ಕಪ್ಪುಪ್ಪಿನ ವಾಸನೆ."

"ಅಯ್ಯೋ, ಇನ್ನೂ ಆ ಬೆಟ್ಟದ್ದೇನಾ? ಎಷ್ಟು ವರ್ಷ ಆಯ್ತು ಕಣೇ! ಯಾರಿಗೂ ಏನೂ ಆಗ್ಲಿಲ್ವಲ್ಲ, ಬಿಟ್ಟಾಕು. ನಮ್ಮ ಆಫೀಸಲ್ಲಿ ಒಬ್ಬರು ಥೆರಪಿಸ್ಟ್ ಹೆಸರು ಹೇಳ್ತಿದ್ರು, ನಂಬರ್ ಕೊಡ್ಲಾ?"

ಯಾರಿಗೂ ಏನೂ ಆಗಲಿಲ್ಲ. ಈ ಮಾತನ್ನು ಕೇಳಿ ಕೇಳಿ ನನಗೆ ರೇಗಿಹೋಗಿದೆ. ಮರೆತುಬಿಡು, ಹೊರಗೆ ಬಾ, ಮುಂದೆ ಹೋಗು ಎಂದು ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ನಾನು ಹೊರಗೆ ಬರುವುದಿಲ್ಲ. ಆ ಬೇಸಿಗೆಯನ್ನು ನಾನು ದಿನವೂ ಒಂದು ಸಲ ನೋಡುತ್ತೇನೆ, ಪಾತ್ರೆ ತೊಳೆಯುವಾಗ, ಸಿಗ್ನಲ್ಲಿನಲ್ಲಿ ಕಾರು ನಿಂತಾಗ. ಮೈ ನಡುಗುತ್ತದೆ. ನಡುಗಲಿ. ನೋಡುವುದನ್ನು ಬಿಟ್ಟರೆ ಅದು ನಿಜವಾಗಿಯೂ ಏನೂ ಆಗದ ಬೇಸಿಗೆಯಾಗಿಬಿಡುತ್ತದೆ.

ಎರಡು ಸಾವಿರದ ಹದಿನೈದು ಅದು. ಹಿಂದಿನ ಚಳಿಗಾಲದಲ್ಲಿ ಬೆಟ್ಟಗಳ ಮೇಲೆ ಹಿಮ ಸರಿಯಾಗಿ ಬಿದ್ದಿರಲಿಲ್ಲ. ಜೂನ್ ಮುಗಿಯುವ ಮೊದಲೇ ರೆಡ್ಮಂಡಿನ ಹುಲ್ಲೆಲ್ಲ ಹುರಿದ ರವೆಯ ಬಣ್ಣಕ್ಕೆ ತಿರುಗಿತು. ಮಳೆಗೆ ಬೈಯುವುದನ್ನೇ ಅಭ್ಯಾಸ ಮಾಡಿಕೊಂಡಿದ್ದ ಊರು ಮಳೆ ಎಲ್ಲಿ ಎಂದು ಆಕಾಶ ನೋಡುತ್ತಿತ್ತು. ಓವರ್‌ಲೇಕ್ ಸುತ್ತಮುತ್ತ ಸಾವಿರಾರು ಜನ ಸಾಫ್ಟ್‌ವೇರ್ ಬರೆಯುತ್ತಿದ್ದರೆ, ಅಲ್ಲಿಂದ ಸ್ವಲ್ಪ ದೂರದಲ್ಲಿ ಟೈರ್ ಅಂಗಡಿಯ ಹಿಂದಿನ ತಗ್ಗು ಕಟ್ಟಡವೊಂದರಲ್ಲಿ ನಾವು ಕೆಲವರು ಒಂದು ಪೆಟ್ಟಿಗೆ ಮಾಡುತ್ತಿದ್ದೆವು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದ ನನಗೆ ಗ್ರೀನ್ ಕಾರ್ಡ್ ಬಂದ ಮೇಲೆ ಸಿಕ್ಕ ಮೊದಲ ಕೆಲಸ. ಲೇಸರನ್ನು ಸರಿಯಾಗಿ ಗುರಿಯಿಟ್ಟು ಕೂರಿಸುವುದು ನನ್ನ ಪಾಲಿನದು.

ಆ ಪೆಟ್ಟಿಗೆ ಬೆಂಕಿಬೆಟ್ಟಗಳ ಉಸಿರನ್ನು ಅಳೆಯುವಂಥದು. ಒಂದು ಕಡೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಪೆಟ್ಟಿಗೆ, ಎದುರಿಗೆ ಒಂದು ಕನ್ನಡಿ. ಪೆಟ್ಟಿಗೆಯಿಂದ ಕಣ್ಣಿಗೆ ಕಾಣದ ಕಿರಣ ಹೊರಟು ಕನ್ನಡಿಗೆ ತಾಗಿ ಬಂದ ದಾರಿಯಲ್ಲೇ ವಾಪಸ್ಸು ಬರುತ್ತದೆ. ನಡುವೆ ಕಾರ್ಬನ್ ಡೈಆಕ್ಸೈಡ್ ಇದ್ದರೆ ಅದು ಆ ಬೆಳಕಿನಲ್ಲಿ ತನ್ನ ಪಾಲನ್ನು ನುಂಗಿಕೊಳ್ಳುತ್ತದೆ. ಎಷ್ಟು ನುಂಗಿತು ಎಂಬುದರಿಂದ ಅನಿಲ ಎಷ್ಟಿದೆ ಎಂದು ತಿಳಿಯುತ್ತದೆ, ಪರದೆಯ ಮೇಲೆ ಒಂದು ಅಂಕಿ ಮೂಡುತ್ತದೆ. ಮಲಗಿದ ಬೆಟ್ಟ ಮಗ್ಗುಲು ಬದಲಿಸುವ ಮೊದಲು ಉಸಿರು ಹೆಚ್ಚಿಸುವುದುಂಟು. ಹಾಗಾಗಿ ಕುಳಿಯ ಒಳಗೇ ಹೋಗಿ ಅಳೆಯುವವರು ಬೇಕು, ಅವರಿಗೆ ನಮ್ಮ ಪೆಟ್ಟಿಗೆ ಬೇಕು.

ಪೆಟ್ಟಿಗೆಯನ್ನು ಹೊರಗೆ ಒಯ್ದು ನಿಲ್ಲಿಸುವ ಇಂಜಿನಿಯರ್ ಪ್ರಹ್ಲಾದ, ಗದಗಿನವನು. ನನ್ನ ಗಂಡ ಮಧು ತನಗಿಂತ ದೊಡ್ಡವನು ಎಂಬ ಒಂದೇ ಕಾರಣಕ್ಕೆ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. ಶನಿವಾರದ ಊಟ ನಮ್ಮ ಮನೆಯಲ್ಲೇ.

"ಆಫೀಸಲ್ಲಿ ವೈನಿ ಅನ್ಬೇಡ ಅಂತ ಎಷ್ಟು ಸಲ ಹೇಳ್ಬೇಕೋ ನಿನಗೆ?"

"ಹಂಗಾರ ಏನನ್ಲಿ? ಮೇಡಮ್ ಅಂದ್ರ ಗ್ರೆಗ್ ನಗತಾನ. ಹೆಸರ ಹಿಡದು ಕರದ್ರ ಅಲ್ಲಿ ನಮ್ಮವ್ವಗ ಬಿಕ್ಕಳಿಕಿ ಬರ್ತದ."

ಕೊನೆಗೆ ಗ್ರೆಗ್ ಕೂಡ ಒಂದು ದಿನ ನನ್ನನ್ನು "ವೈನಿ" ಎಂದು ಕರೆದ, ಅದೇ ನನ್ನ ಮನೆತನದ ಹೆಸರು ಎಂದುಕೊಂಡು. ಗ್ರೆಗ್ ನಮ್ಮ ಕಂಪನಿಯ ಯಜಮಾನ. ಒಳ್ಳೆಯ ಮನುಷ್ಯ ಎಂದೇ ಬರೆಯುತ್ತೇನೆ. ತನ್ನ ಮನೆಯನ್ನು ಅಡವಿಟ್ಟು ಕಂಪನಿ ನಡೆಸುತ್ತಿದ್ದ, ಬೆಟ್ಟ ಹತ್ತುವಾಗ ಎಲ್ಲರಿಗಿಂತ ಭಾರದ ಚೀಲ ಹೊರುತ್ತಿದ್ದ.

ಆ ವಸಂತದಲ್ಲಿ ಅವನು ಒಂದು ಪ್ರದರ್ಶನದಿಂದ ಬೇಸರಗೊಂಡು ವಾಪಸ್ಸು ಬಂದ. ನೋಡಲು ಬಂದವರು ನಮ್ಮ ಗ್ರಾಫಿನಲ್ಲಿ ಹಲ್ಲು ಬಿದ್ದ ಬಾಯಿಯಂತೆ ಸಂದುಗಳಿವೆ ಎಂದು ನಕ್ಕರಂತೆ. ಮಂಜೋ ಹಬೆಯೋ ಅಡ್ಡ ಬಂದು ಬೆಳಕು ವಾಪಸ್ಸು ಬರದಿದ್ದಾಗ ಪರದೆ ಖಾಲಿಯಾಗುತ್ತಿತ್ತು, ಅದೇ ಆ ಸಂದು. ಮೀಟಿಂಗಿನಲ್ಲಿ ಗ್ರೆಗ್ ಸಾಫ್ಟ್‌ವೇರಿನ ಹುಡುಗನಿಗೆ ಹೇಳಿದ: ಬೆಳಕು ಮತ್ತೆ ಬರುವವರೆಗೆ ಹಿಂದಿನ ಅಂಕಿಯನ್ನೇ ಹಿಡಿದು ತೋರಿಸು. ಎಷ್ಟು ಹೊತ್ತು ಹಿಡಿಯಬೇಕು ಎಂದು ನಾನು ಕೇಳಿದೆ. "ಮಂಜು ಎಷ್ಟು ಹೊತ್ತು ಇರುತ್ತೆ?" ಎಂದು ಗ್ರೆಗ್ ನಕ್ಕ. ಎಲ್ಲರೂ ನಕ್ಕರು. ಗ್ರಾಫು ಅಂದವಾಯಿತು, ರೇಷ್ಮೆಯ ದಾರದಂತೆ.

ಆಗಸ್ಟಿನಲ್ಲಿ ಮೌಂಟ್ ಬೇಕರ್ ಎಂಬ ಬೆಂಕಿಬೆಟ್ಟ ಹತ್ತಿದೆವು. ಶಿಖರದ ಸ್ವಲ್ಪ ಕೆಳಗೆ ಅದಕ್ಕೊಂದು ಕುಳಿ ಇದೆ, ಸದಾ ಹೊಗೆಯಾಡುತ್ತಿರುತ್ತದೆ. ಕ್ಯಾಸ್ಕೇಡ್ ಬೆಟ್ಟಗಳ ಆಚೆ ಕಾಡು ಉರಿಯುತ್ತಿತ್ತು, ಸೂರ್ಯ ತಾಮ್ರದ ತಟ್ಟೆಯಂತಿದ್ದ. ನಮಗೆ ದಾರಿ ತೋರಿಸುವವಳು ಟೆಸ್, ಬಿಸಿಲಿಗೆ ಮೂಗು ಸುಲಿದ, ಕಡಿಮೆ ಮಾತಿನ ಹೆಂಗಸು. ಹಿಮನದಿಯ ಬುಡದ ಬಂಡೆಗಳ ಮೇಲೆ ಡೇರೆ ಹಾಕಿ, ಬೆಳಕು ಹರಿಯುತ್ತಿದ್ದಂತೆ ಬೂಟಿನಡಿ ಉಕ್ಕಿನ ಮುಳ್ಳು ಕಟ್ಟಿಕೊಂಡು ಹೊರಟೆವು. ಆ ವರ್ಷ ಹಿಮ ಕಡಿಮೆಯಾಗಿ ಬಿರುಕುಗಳೆಲ್ಲ ಬಾಯ್ತೆರೆದುಕೊಂಡಿದ್ದವು, ಸುತ್ತಿ ಬಳಸಿ ಹತ್ತಬೇಕಾಯಿತು.

"ನಮ್ಮೂರಾಗ ಮುಳ್ಳ ಚುಚ್ಚಿದ್ರ ತಗಸ್ಕೊಳ್ಳಾಕ ಓಡ್ತಿದ್ವಿ," ಎಂದ ಪ್ರಹ್ಲಾದ ಏದುತ್ತ. "ಇಲ್ಲಿ ರೊಕ್ಕಾ ಕೊಟ್ಟು ಕಾಲಿಗೆ ಕಟ್ಕೊಂಡೇವಿ ನೋಡ್ರಿ."

ಕುಳಿಯ ಅಂಚಿಗೆ ಬಂದಾಗ ಮೊದಲು ಬಂದದ್ದು ವಾಸನೆ. ಇಲ್ಲಿಯವರು ಕೊಳೆತ ಮೊಟ್ಟೆಯ ವಾಸನೆ ಎನ್ನುತ್ತಾರೆ. ಮೊಟ್ಟೆ ಬೇಯಿಸದ ಮನೆಯಲ್ಲಿ ಬೆಳೆದ ನನಗೆ ಅದು ಪಾನಿಪುರಿಯ ನೀರಿನ ವಾಸನೆ, ಕಪ್ಪುಪ್ಪಿನದು. ಆಮೇಲೆ ಸದ್ದು, ಕುಕ್ಕರಿನ ವೆಯ್ಟು ತೆಗೆದಾಗಿನ ಸದ್ದು, ಆದರೆ ನಿಲ್ಲದೇ ಇರುವಂಥದು. ಹಳದಿ ಗಂಧಕ ಹೆಪ್ಪುಗಟ್ಟಿದ ಬಾಯಿಗಳಿಂದ ಹಬೆ ನುಗ್ಗುತ್ತಿತ್ತು. ಒಂದೊಂದು ಬಾಯಿಯ ಸುತ್ತಲೂ ಮಂಜುಗಡ್ಡೆ ಕರಗಿ ಬಾವಿಯಂಥ ಹಳ್ಳ.

ಟೆಸ್ ನಮ್ಮೆಲ್ಲರ ಎದೆಗೆ ಒಂದೊಂದು ಪುಟ್ಟ ಬಿಲ್ಲೆ ಸಿಕ್ಕಿಸಿದಳು. ಆ ವಾಸನೆಯ ಅನಿಲ ಹೆಚ್ಚಾದರೆ ಅದು ಕಿರುಚುತ್ತದೆ. "ವಾಸನೆ ಬರುತ್ತಿರುವವರೆಗೆ ಭಯ ಬೇಡ," ಎಂದಳು. "ತಟ್ಟನೆ ನಿಂತರೆ ಹೊರಗೆ ಬನ್ನಿ. ಮೊದಲು ಸಾಯುವುದು ಮೂಗು." ಕಾರ್ಬನ್ ಡೈಆಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗಾಳಿಗಿಂತ ಭಾರ, ಹಳ್ಳದಲ್ಲಿ ನೀರಿನಂತೆ ನಿಲ್ಲುತ್ತದೆ. ಮುಖಕ್ಕೆ ಹಾಕಿಕೊಳ್ಳುವ ಮಾಸ್ಕು ಅದನ್ನು ತಡೆಯುವುದಿಲ್ಲ, ಬಿಲ್ಲೆ ಅದಕ್ಕೆ ಕಿರುಚುವುದಿಲ್ಲ. ಅದನ್ನು ನೋಡಬಲ್ಲದ್ದು ಅಲ್ಲಿ ಒಂದೇ, ನಮ್ಮ ಪೆಟ್ಟಿಗೆ.

ಅಂಥದೊಂದು ಹಳ್ಳದ ಅಂಚಿನಲ್ಲಿ ಪೆಟ್ಟಿಗೆ ನಿಲ್ಲಿಸಿ, ಕೆಳಗೆ ತಳದಲ್ಲಿ ಕನ್ನಡಿ ಇಟ್ಟೆವು. ಬೆಳಗ್ಗೆ ಗಾಳಿ ಚೆನ್ನಾಗಿತ್ತು, ಅಂಕಿ ಕಡಿಮೆಯಿತ್ತು. ತಿಂಡಿ ತಿಂದೆವು. ನಾನು ತಂದಿದ್ದ ಚಪಾತಿ ಚಟ್ನಿಪುಡಿಯನ್ನು ಟೆಸ್ ಕೇಳಿ ಹಾಕಿಸಿಕೊಂಡಳು. ಆಮೇಲೆ ಗ್ರೆಗ್ ಕನ್ನಡಿಯನ್ನು ಹಬೆಯ ಬಾಯಿಗೆ ಇನ್ನಷ್ಟು ಹತ್ತಿರ ಸರಿಸೋಣ ಎಂದ. ಪರದೆ ನೋಡಿದ. ಅಂಕಿ ಕಡಿಮೆಯೇ ಇತ್ತು. "ಕ್ಲೀನ್ ಇದೆ, ಹೋಗು," ಎಂದ. ಟೆಸ್ ಹಗ್ಗ ಕಟ್ಟದೆ ಯಾರೂ ಇಳಿಯುವಂತಿಲ್ಲ ಎಂದಳು. ಅಂಕಿ ಇಷ್ಟು ಕಡಿಮೆ ಇರುವಾಗ ಹಗ್ಗ ಯಾಕೆ, ಹೊತ್ತು ಹಾಳು, ಎಂದ ಗ್ರೆಗ್. ಅಂಕಿ ನಿನ್ನದು, ಹಗ್ಗ ನನ್ನದು, ಎಂದಳು ಅವಳು.

"ಎಮ್ಮಿ ಕಟ್ಟಿಧಂಗ ಕಟ್ಟ್ಯಾಳ ನೋಡ್ರಿ ವೈನಿ," ಎನ್ನುತ್ತ ಪ್ರಹ್ಲಾದ ಇಳಿದ.

ಇಲ್ಲಿಂದ ಮುಂದಿನದೇ ನಾನು ದಿನವೂ ನೋಡುವುದು.

ಗಾಳಿ ನಿಂತಿದೆ. ಅದು ಯಾವಾಗ ನಿಂತಿತೋ ಯಾರೂ ಗಮನಿಸಿಲ್ಲ. ಹಬೆ ನೆಟ್ಟಗೆ ಮೇಲೇರುತ್ತಿದೆ. ಪ್ರಹ್ಲಾದ ಕನ್ನಡಿಯ ಮುಂದೆ ನಮಗೆ ಬೆನ್ನು ಮಾಡಿ ಬಗ್ಗಿ ನಟ್ಟು ಸಡಿಲಿಸುತ್ತಿದ್ದಾನೆ. ನಾನು ಪರದೆ ನೋಡುತ್ತೇನೆ. ಅವನ ಬೆನ್ನು ನೋಡುತ್ತೇನೆ. ಮತ್ತೆ ಪರದೆ. ಅವನ ಕೆಂಪು ಜಾಕೆಟ್ಟು ಕನ್ನಡಿಯನ್ನು ಪೂರ್ತಿ ಮುಚ್ಚಿದೆ. ಕಿರಣ ಹೋಗಲು ದಾರಿಯಿಲ್ಲ. ಅಂಕಿ ಮಾತ್ರ ಹಾಗೇ ಇದೆ, ಕೊನೆಯ ಸ್ಥಾನ ಕೂಡ ಅಲುಗುತ್ತಿಲ್ಲ.

ಬೆಳಗಿನ ಅಂಕಿ ಅದು. ಹಬೆ ಯಾವಾಗಲೋ ಕನ್ನಡಿಯ ಮೇಲೆ ಕೂತು ಬೆಳಕನ್ನು ನಿಲ್ಲಿಸಿದೆ, ಪೆಟ್ಟಿಗೆ ಕಣ್ಣು ಮುಚ್ಚಿಕೊಂಡು ಹಳೆಯದನ್ನೇ ಹೇಳುತ್ತಿದೆ. ಈಗ ಅಲ್ಲಿ ಕೆಳಗೆ ಏನಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ.

"ಪ್ರಹ್ಲಾದ, ಮೇಲೆ ಬಾ!"

"ಒಂದ್ನಿಮಿಷ ವೈನಿ, ನಟ್ಟು ಭಾಳ ಬಿಗಿ ಅದ..."

"ನಟ್ಟು ಬಿಡು! ಬಾರೋ ಮೇಲೆ!"

ಅವನು ತಿರುಗಿದ. ಏನೋ ಹೇಳಲು ಬಾಯಿ ತೆರೆದ. ಮಾತಿನ ಬದಲು ಬರೀ ಉಸಿರಾಟ, ಓಡಿ ಬಂದವನಂತೆ, ಒಂದರ ಮೇಲೊಂದು. ಆಮೇಲೆ ಮೊಣಕಾಲೂರಿ ಕೂತ, ಬಿದ್ದ ವಸ್ತುವನ್ನು ಹುಡುಕುವವನಂತೆ ಎರಡು ಕೈಯಿಂದ ನೆಲ ತಡವಿದ, ಹಾಗೇ ಪಕ್ಕಕ್ಕೆ ವಾಲಿದ.

ನಾನು ಇಳಿಯಲು ಓಡಿದೆ. ಯೋಚನೆ ಮಾಡಲಿಲ್ಲ, ಕಾಲು ತಾನೇ ಹೋಯಿತು. ಟೆಸ್ ಹಿಂದಿನಿಂದ ನನ್ನ ಚೀಲದ ಪಟ್ಟಿ ಹಿಡಿದು ಮಂಜುಗಡ್ಡೆಯ ಮೇಲೆ ಕೆಡವಿದಳು. "ನೀನು ಇಳಿದರೆ ನಾನು ಇಬ್ಬರನ್ನು ಎಳೆಯಬೇಕು! ಹಗ್ಗ ಹಿಡಿ!" ಗ್ರೆಗ್ ಆಗಲೇ ಹಗ್ಗಕ್ಕೆ ಜೋತುಬಿದ್ದಿದ್ದ. ಮೂವರೂ ಎಳೆದೆವು. ಅವನು ಗೋಣಿಚೀಲದಂತೆ ಮಂಜಿಗೆ ಉಜ್ಜುತ್ತ ಮೇಲೆ ಬಂದ. ಕೆಂಪು ಜಾಕೆಟ್ಟು, ತೆರೆದ ಬಾಯಿ, ಬೂದಿಯ ಬಣ್ಣದ ತುಟಿ. ಅವನ ಎದೆಯ ಮೇಲಿನ ಬಿಲ್ಲೆ ಕೊನೆಯವರೆಗೂ ತೆಪ್ಪಗಿತ್ತು.

ಅಂಚಿನಿಂದ ದೂರ ಒಯ್ದು ಮಲಗಿಸಿದೆವು. ಉಸಿರಾಡುತ್ತಿದ್ದ. ಕಣ್ಣು ಬಿಟ್ಟ, ಮಗ್ಗುಲಾಗಿ ತಿಂದದ್ದನ್ನೆಲ್ಲ ಕಕ್ಕಿದ, ತಲೆ ಒಡೆದುಹೋಗುತ್ತಿದೆ ಎಂದ. ಮುಷ್ಟಿ ಬಿಡಿಸಿದರೆ ಒಳಗೆ ನಟ್ಟು.

ಇಳಿಯುವಾಗ ಗ್ರೆಗ್ ಪ್ರಹ್ಲಾದನ ಚೀಲವನ್ನೂ ತಾನೇ ಹೊತ್ತ. ಗ್ರೆಗ್‌ನ ಅಂಗೈ ಹಗ್ಗಕ್ಕೆ ಸುಲಿದಿತ್ತು. ಕಾರಿನ ಹತ್ತಿರ ಬರುವ ಹೊತ್ತಿಗೆ ಅವನ ಬಾಯಲ್ಲಿ ಕಥೆಯೊಂದು ಸಿದ್ಧವಾಗಿತ್ತು. "ಎತ್ತರಕ್ಕೆ ಹೀಗಾಗುತ್ತದೆ. ಕೆಲವರ ಮೈಗೆ ಒಗ್ಗುವುದಿಲ್ಲ."

"ಎತ್ತರ ಅಲ್ಲ, ಗ್ರೆಗ್. ಪೆಟ್ಟಿಗೆಗೆ ಬೆಳಕು ಬರ್ತಿರಲಿಲ್ಲ. ನಾನು ನೋಡಿದೆ."

"ನೀನು ಗಾಬರಿಯಲ್ಲಿದ್ದೆ, ಸುಮಾ. ನಾವೆಲ್ಲ ಗಾಬರಿಯಲ್ಲಿದ್ದೆವು."

ಹೌದು, ಗಾಬರಿಯಲ್ಲಿದ್ದೆ. ಗಾಬರಿಯಾದ ಕಣ್ಣು ಕಂಡದ್ದೂ ಕಂಡದ್ದೇ. ಮಾರನೆಯ ವಾರ ಆಫೀಸಿನಲ್ಲಿ ಮತ್ತೆ ಹೇಳಿದೆ: ಅಂಕಿ ಹಿಡಿದು ತೋರಿಸುವುದನ್ನು ತೆಗೆಯಿರಿ. ಬೆಳಕು ಬರದಿದ್ದರೆ ಪರದೆ ಖಾಲಿಯಾಗಲಿ, ಪೆಟ್ಟಿಗೆ ಕಿರುಚಲಿ. ಗ್ರೆಗ್ ಬಾಗಿಲು ಹಾಕಿ ಕೂತು ಸಮಾಧಾನದಿಂದ ಮಾತಾಡಿದ. ಶರತ್ಕಾಲದಲ್ಲಿ ದಕ್ಷಿಣ ಅಮೆರಿಕದಿಂದ ಕೊಳ್ಳುವವರು ಬರುತ್ತಾರೆ. ಅದು ತಪ್ಪಿದರೆ ಕಂಪನಿಯೇ ಇಲ್ಲ. ಮಾರಾಟ ಮುಗಿಯಲಿ, ಆಮೇಲೆ ನೋಡೋಣ.

ಆಮೇಲೆ! ಅವರು ಆ ಪೆಟ್ಟಿಗೆಯನ್ನು ಹೊತ್ತುಕೊಂಡು ತಿಂಗಳು ತಿಂಗಳೂ ಕುಳಿಗಿಳಿಯುವವರು. ಹಗ್ಗ ಕಟ್ಟುವ ಟೆಸ್ ಎಲ್ಲರ ಜೊತೆಗೂ ಇರುವುದಿಲ್ಲ.

ಮನೆಯಲ್ಲಿ ಮಧು ತಟ್ಟೆ ಮುಂದೆ ಕೂತು ಕೈ ಜೋಡಿಸಿದ. "ನಿನ್ನ ಕೆಲಸ ಲೇಸರ್ ಅಲೈನ್ ಮಾಡೋದು. ಮಾಡಿದೀಯ. ಸಾಫ್ಟ್‌ವೇರ್ ಅವರದ್ದು, ಡಿಸಿಷನ್ ಅವರದ್ದು. ಯಾಕೆ ತಲೆ ಕೆಡಿಸ್ಕೋತೀಯ? ನಮ್ಮ ಪ್ರಾಡಕ್ಟಲ್ಲಿ ಇಂಥ ಬಗ್ ನೂರು ಇರುತ್ತೆ."

"ನಿಮ್ಮ ಬಗ್‌ಗೆ ಯಾರ ಉಸಿರು ನಿಲ್ಲುತ್ತೆ ಮಧು?"

ಅವನು ಸಾರಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಸಾರು ಬಡಿಸಿಕೊಂಡು, "ಒಂದು ಸಲ ನಿನ್ನ ತಲೇಲಿ ಕೂತ್ರೆ ಮುಗೀತು," ಎಂದ. ಅದು ಒಪ್ಪಿಗೆಯೋ ಶರಣಾಗತಿಯೋ, ನಾನು ಕೇಳಲಿಲ್ಲ.

ಶನಿವಾರ ಪ್ರಹ್ಲಾದ ಊಟಕ್ಕೆ ಬಂದ. ಬೆಟ್ಟದಿಂದ ಬಂದ ಮೇಲೆ ಅವನ ತಮಾಷೆ ಕಡಿಮೆಯಾಗಿತ್ತು. ಕೈ ತೊಳೆದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ವೈನಿ, ಒಂದ್ ಮಾತ ಕೇಳ್ರಿ. ನೀವು ಏನರ ಮಾಡ್ರಿ, ನನ್ನ ಹೆಸರ ಎತ್ತಬ್ಯಾಡ್ರಿ."

"ಯಾಕೋ? ಬಿದ್ದವನು ನೀನು."

"ಬಿದ್ದಾಂವ ನಾನು, ಖರೆ. ನನ್ನ ವೀಸಾ ಗ್ರೆಗ್ ಕೈಯಾಗದ. ಡಿಸೆಂಬರಿಗೆ ಆಕಿಗೆ ಹೆರಿಗಿ. ಈಗ ಕೆಲಸ ಹೋದ್ರ ಬಸರಿ ಹೆಂಡ್ತಿನ್ನ ಕರಕೊಂಡು ವಿಮಾನ ಹತ್ತಬೇಕೇನ್ರಿ? ಎತ್ತರಕ್ಕ ತಲಿ ತಿರುಗ್ತು ಅಂತ ನಾನೂ ಅಂದೇನಿ. ನೀವೂ ಹಂಗ ಅನ್ರಿ."

ನನಗೆ ಸಿಟ್ಟು ಬಂತು, ಅವನ ಮೇಲಲ್ಲ. ನಮಗೆ ಗ್ರೀನ್ ಕಾರ್ಡ್ ಇತ್ತು, ಮಧುವಿನ ಸಂಬಳ ಇತ್ತು. ಎದೆ ಸೆಟೆಸಿ ನಿಲ್ಲುವುದು ನನಗೆ ಅಗ್ಗ, ಅವನಿಗೆ ದುಬಾರಿ. ಅದಕ್ಕಾಗಿಯೇ ಅದನ್ನು ಮಾಡಬೇಕಾದವಳು ನಾನು ಎಂದು ತೀರ್ಮಾನವಾಯಿತು. "ನಿನ್ನ ಹೆಸರು ನನ್ನ ಬಾಯಲ್ಲಿ ಬರಲ್ಲ," ಎಂದು ಮಾತು ಕೊಟ್ಟೆ. ಅಂದರೆ ಬೆಟ್ಟದ ಕಥೆಯನ್ನೇ ಹೇಳುವಂತಿರಲಿಲ್ಲ.

ಅಕ್ಟೋಬರಿನಲ್ಲಿ ಕೊಳ್ಳುವವರು ಬಂದರು. ಮೂವರು, ಮುಂದಾಳು ಕೂದಲು ನೆರೆತ ಹೆಂಗಸು. ಅವಳ ಬೂಟುಗಳ ತುದಿ ಆಮ್ಲಕ್ಕೆ ಸುಟ್ಟು ಬಿಳಿಚಿತ್ತು. ಆಫೀಸಿನ ಹಿಂದಿನ ಪಾರ್ಕಿಂಗಿನಲ್ಲಿ ಒಂದು ತುದಿಗೆ ಪೆಟ್ಟಿಗೆ, ಇನ್ನೊಂದು ತುದಿಗೆ ಕನ್ನಡಿ. ಕನ್ನಡಿಯ ಹತ್ತಿರ ಪ್ರಹ್ಲಾದ ಬಕೆಟ್ಟಿನಲ್ಲಿ ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿಸಿದ ಕಾರ್ಬನ್ ಡೈಆಕ್ಸೈಡ್, ಇಟ್ಟುಕೊಂಡು ನಿಂತಿದ್ದ. ಕೊನೆಗೂ ಬಂದ ಮಳೆ ಜಿನುಗುತ್ತಿತ್ತು. ಪ್ರಹ್ಲಾದ ಐಸಿನ ಮೇಲೆ ನೀರು ಸುರಿದಾಗ ಅಂಕಿ ಏರಿತು, ಬಕೆಟ್ಟು ಸರಿಸಿದಾಗ ಇಳಿಯಿತು. ಎಲ್ಲರೂ ತಲೆದೂಗಿದರು. ಗ್ರೆಗ್‌ನ ಮುಖ ತಿಂಗಳುಗಳ ಮೇಲೆ ಅರಳಿತ್ತು.

ನಾನು ಪೆಟ್ಟಿಗೆಯ ಪಕ್ಕದಲ್ಲಿದ್ದೆ. ಬಲಗೈ ಎತ್ತಿ ಲೇಸರ್ ಹೊರಡುವ ಕಿಂಡಿಯ ಮುಂದೆ ಅಂಗೈಯನ್ನು ಅಡ್ಡ ಇಟ್ಟೆ.

ಅಂಕಿ ಹಾಗೇ ನಿಂತಿತು.

ಗ್ರೆಗ್ ಮಾತು ಮುಂದುವರಿಸಿದ. ಆ ಹೆಂಗಸು ಅವನನ್ನು ನೋಡುವುದು ಬಿಟ್ಟು ನನ್ನ ಕೈ ನೋಡಿದಳು, ಪರದೆ ನೋಡಿದಳು, ಮತ್ತೆ ಕೈ. ನನ್ನ ಕೈ ನಡುಗುತ್ತಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು. ನಡುಗುವ ಕೈಯ ಹಿಂದೆ ಅಂಕಿ ಮಾತ್ರ ಕಲ್ಲಿನಂತೆ ಕೂತಿತ್ತು.

"ಕೈ ತೆಗಿ, ಸುಮಾ," ಎಂದ ಗ್ರೆಗ್, ನಗುತ್ತಲೇ. ತೆಗೆಯಲಿಲ್ಲ. "ಸುಮಾ." ತೆಗೆಯಲಿಲ್ಲ.

"ಇದು ಎಷ್ಟು ಹೊತ್ತು ಹೀಗೇ ತೋರಿಸುತ್ತದೆ?" ಎಂದು ಅವಳು ಕೇಳಿದಳು.

"ಕೆಲವು ಕ್ಷಣ ಅಷ್ಟೇ, ಮಂಜು ಸರಿಯುವವರೆಗೆ," ಎಂದ ಗ್ರೆಗ್.

ಆಗ ಪಾರ್ಕಿಂಗಿನ ಆ ತುದಿಯಿಂದ ಪ್ರಹ್ಲಾದ ಬಕೆಟ್ಟನ್ನು ಅಲ್ಲೇ ಬಿಟ್ಟು ನಡೆದು ಬಂದ. ನಾನು ತಲೆಯಾಡಿಸಿ ಬೇಡ ಎಂದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಮಳೆಯಲ್ಲಿ ನಿಂತು ಆ ಹೆಂಗಸಿಗೆ ಇಂಗ್ಲಿಷಿನಲ್ಲಿ, ನಿಧಾನವಾಗಿ, ಒಂದೊಂದೇ ಪದ ಇಟ್ಟು ಹೇಳಿದ:

"ನಾನು ಬಿದ್ದಾಗಲೂ ಹೀಗೇ ತೋರಿಸುತ್ತಿತ್ತು. ನನ್ನನ್ನು ಎಳೆದು ಹಾಕಿದ ಮೇಲೂ."

ಆಮೇಲಿನದು ಬೇಗ ಮುಗಿಯಿತು. ಕೊಳ್ಳುವವರು ಎದ್ದು ಹೋಗಲಿಲ್ಲ. ಬೆಳಕು ಹೋದರೆ ಖಾಲಿಯಾಗುವ, ಕಿರುಚುವ ಪೆಟ್ಟಿಗೆಯಾದರೆ ಕೊಳ್ಳುತ್ತೇವೆ, ಅದನ್ನು ನಿಲ್ಲಿಸಿಕೊಡಲು ಬಿದ್ದ ಇಂಜಿನಿಯರೇ ಬರಬೇಕು ಎಂದರು. ಗ್ರೆಗ್ ಹಾಗೆಯೇ ಮಾಡಿದ, ಮನಸ್ಸು ಬದಲಾಗಿಯೋ ಮಾರಾಟಕ್ಕಾಗಿಯೋ ಗೊತ್ತಿಲ್ಲ. ಪ್ರಹ್ಲಾದ ಕೆಲಸದಲ್ಲಿ ಉಳಿದ. ನನಗೆ ಚಳಿಗಾಲದಲ್ಲಿ ಲೇಸರಿನ ಕೆಲಸ ಹೆಚ್ಚು ಇರುವುದಿಲ್ಲ ಎಂದು ಹೇಳಿದರು. ಕೆಲಸ ಹೋಯಿತು, ಕೈಕುಲುಕಿ ಬಂದೆ. ಗ್ರೆಗ್‌ನ ಅಂಗೈ ಇನ್ನೂ ಒರಟಾಗಿತ್ತು. ಈಗ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಗ್ರೆಗ್ ಸಿಕ್ಕರೆ ಮಾತಾಡುತ್ತೇನೆ. ಕೈ ಅಡ್ಡ ಇಟ್ಟದ್ದಕ್ಕೆ ಕ್ಷಮೆ ಮಾತ್ರ ಕೇಳಿಲ್ಲ, ಕೇಳುವುದೂ ಇಲ್ಲ.

ಮುಂದಿನ ವರ್ಷ ಒಂದು ಮಧ್ಯಾಹ್ನ ಪಕ್ಕದೂರು ಇಸ್ಸಾಕ್ವಾದ ಅಂಗಡಿಯ ಮುಂದೆ ಅಕ್ಕಿಯ ಮೂಟೆಯನ್ನು ಕಾರಿಗೆ ಎತ್ತಿಡುತ್ತಿದ್ದಾಗ ಫೋನ್ ಬಂತು. ದೂರದ ದಕ್ಷಿಣ ಅಮೆರಿಕದಿಂದ, ಗಾಳಿ ತುಂಬಿದ ಪ್ರಹ್ಲಾದನ ದನಿ.

"ವೈನಿ, ಕುಳಿ ಬಾಯಾಗಿಂದ ಮಾತಾಡಾಕತ್ತೇನಿ. ಇಳಿಯೂಕಿಂತ ಮೊದಲ ಪರದೆ ಖಾಲಿ ಆಗಿಬಿಡ್ತು. ಪೆಟಗಿ ಕುಂಯ್ ಅಂತ ಒಂದ ಸವನ ಒದರಾಕತ್ತದ."

ನನ್ನ ಕೈ ಮೂಟೆಯ ಮೇಲೆ ಹಾಗೇ ನಿಂತಿತು. "ಇಳಿದ್ರಾ?"

"ಇಲ್ರಿ. ಯಾರೂ ಇಳೀಲಿಲ್ಲ. ಎಲ್ಲಾರೂ ಮ್ಯಾಲೇ ಕುಂತೇವಿ, ಬ್ರೆಡ್ ತಿನ್ಕೋತ. ಇಷ್ಟ ದೂರ ಹೊತ್ಕೊಂಡ ಬಂದು ಇವತ್ತಿನ ಕೆಲಸ ಪೂರಾ ಹಾಳಾತು ನೋಡ್ರಿ."

"ಹಾಳಾಗ್ಲಿ," ಎಂದೆ.